ದಾರಿ ಚೀಲ

ನಮ್ಮ ಅವ್ವ ಬೆಳೆದ ಸಾಮೆಯನ್ನು ರಾಜಶೇಖರಪ್ಪನವರ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಆದರೆ ವರ್ಷಕ್ಕೊಂದು ಚೀಲ ತೆಗೆದುಕೊಳ್ಳುತ್ತಾರೆ.

ಅದಕ್ಕೆ ದಾರಿ ಚೀಲ ಎಂದು ಹೆಸರು. ಹೊಸದುರ್ಗದ ರಸ್ತೆಯಿಂದ ಒಳಗಿರುವ ಕರಿಕಲ್ಲಹಟ್ಟಿ ನಮ್ಮೂರು. ಸರ್ಕಾರ ನಮ್ಮ ತಾತನಿಗೆ ಕೊಟ್ಟ ಒಂದೂವರೆ ಎಕರೆ ರಾಜಶೇಖರಪ್ಪನವರ ಹೊಲದ ಬೆನ್ನಿಗಿದೆ. ಹೊಲ ಕೊಟ್ಟವರು ಹೊಲಕ್ಕೆ ಹೋಗುವ ದಾರಿ ಕೊಡಲಿಲ್ಲ. ನಾವು ಅವರ ಬದುವಿನ ಮೇಲೆ ನಡೆಯಬೇಕು. ನಡೆದದ್ದಕ್ಕೆ ಸುಗ್ಗಿಯಲ್ಲಿ ಒಂದು ಚೀಲ ಕಾಳು. ತಾತ ಕೊಟ್ಟ. ಅಪ್ಪ ಕೊಟ್ಟ. ಈಗ ಅವ್ವ ತಲೆಯ ಮೇಲೆ ಹೊತ್ತುಕೊಂಡು ಹೋಗಿ ಕೊಡುತ್ತಾಳೆ.

ಆ ಚೀಲ ಅವರ ಮನೆಯೊಳಗೆ ಹೋಗುವುದಿಲ್ಲ. ಹೊಲದ ದಾಸ್ತಾನು ಕೊಠಡಿಯ ಮೂಲೆಯಲ್ಲಿ ಒಂದು ಕಲ್ಲುಚಪ್ಪಡಿ ಇದೆ. ಅದರ ಮೇಲೆ ಅದೊಂದೇ ಚೀಲ. ಅವರ ಚೀಲಗಳು ಅದಕ್ಕೆ ತಾಗಬಾರದು. ಅದನ್ನು ಅಳೆಯುವ ಸೇರು ಬೇರೆ. ಆ ಸೇರು ಬೇರೆ ಕಾಳಿಗೆ ಇಳಿಯಬಾರದು. ಇದನ್ನೆಲ್ಲ ನೋಡಿಕೊಳ್ಳುವುದು ರಾಜಶೇಖರಪ್ಪನವರ ತಾಯಿ ಮರುಳಸಿದ್ದಮ್ಮನವರ ಕೆಲಸ. ಮಳೆಗಾಲದಲ್ಲಿ ಅವರ ಹೊಲದ ಕಳೆ ಕೀಳಲು ಹೋಗುವ ನಮ್ಮ ಎ.ಕೆ. ಕಾಲೊನಿಯ ಹೆಂಗಸರಿಗೆ ಆ ಚೀಲದಿಂದಲೇ ಕೂಲಿ ಕಾಳು ಅಳೆಯುತ್ತಾರೆ. ಕಾಳು ಮುಗಿದ ಮೇಲೆ ಖಾಲಿ ಚೀಲ ವಾಪಸು ಬರುತ್ತದೆ. ಅವ್ವ ಅದನ್ನೇ ಮತ್ತೆ ತುಂಬುತ್ತಾಳೆ.

"ನಮ್ದೇ ಕಣೆ ಇದು," ಕೂಲಿಗೆ ತಂದ ಕಾಳನ್ನು ಅವ್ವ ಮೂಸಿ ಹೇಳುತ್ತಿದ್ದಳು. "ಗೌಡ್ರ ಮನೆ ನೋಡ್ಕಂಡು ಬಂದೈತೆ. ಒಳಗೆ ಕರೀಲಿಲ್ವಂತೆ."

ಇದು ಸಾವಯವ ಬರುವ ಮೊದಲಿನ ಮಾತು. ಸಾವಯವ ಬಂದ ಮೇಲೆ ಇದು ಹೋಗಲಿಲ್ಲ. ಇದಕ್ಕೆ ಪ್ರಮಾಣಪತ್ರ ಸಿಕ್ಕಿತು.

ಎಳೆಬಿಸಿಲು ಸಿರಿಧಾನ್ಯ ಎಂಬ ಕಂಪನಿ ನಮ್ಮೂರಿನ ರೈತರ ಒಂದು ಗುಂಪು ಮಾಡಿತು. ಆ ಗುಂಪಿಗೆ ಒಬ್ಬ ಒಳ ತಪಾಸಣೆಗಾರರು ಬೇಕಿತ್ತು. ವಿಜ್ಞಾನ ಓದಿರಬೇಕು, ಊರಿನವರಾಗಿರಬೇಕು, ಸಣ್ಣ ಸಂಬಳಕ್ಕೆ ಒಪ್ಪಬೇಕು. ಚಿತ್ರದುರ್ಗಕ್ಕೆ ಬಸ್ಸಿನಲ್ಲಿ ಓಡಾಡಿ ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದ್ದ ನಾನು, ಸುಮಿತ್ರಾ, ಆ ಕೆಲಸಕ್ಕೆ ಸೇರಿದೆ.

ಒಳ ತಪಾಸಣೆಯನ್ನು ನಾನು ಹೊರಗಿನಿಂದ ಮಾಡುತ್ತಿದ್ದೆ. ರಾಜಶೇಖರಪ್ಪನವರ ದಾಸ್ತಾನು ಕೊಠಡಿಯ ಹೊಸ್ತಿಲಾಚೆ ನಿಂತು ಟಾರ್ಚ್ ಬಿಡುತ್ತಿದ್ದೆ.

"ಅಲ್ಲಿಂದ್ಲೇ ಕಾಣ್ತೈತಲ್ಲ ಮೇಡಂ," ಎನ್ನುತ್ತಿದ್ದರು ಅವರು. ಕಂಪನಿಯ ಬ್ಯಾಗು ಹೆಗಲಲ್ಲಿ ಇರುವವರೆಗೆ ನಾನು ಮೇಡಂ. ಬ್ಯಾಗು ಇಳಿಸಿದರೆ "ಏಯ್ ಸುಮಿ".

ಟಾರ್ಚಿನ ಬೆಳಕು ಮೂಲೆಯ ಚಪ್ಪಡಿಯವರೆಗೆ ಹೋಗುತ್ತಿರಲಿಲ್ಲ. ಬೆಳಕು ಬಿದ್ದಷ್ಟು ಭಾಗವನ್ನು ನೋಡಿದ್ದೇನೆ, ಉಳಿದದ್ದನ್ನು ನೋಡಲು ಬಿಟ್ಟಿಲ್ಲ ಎಂದು ವರದಿಯಲ್ಲಿ ಬರೆದೆ. ಕಂಪನಿಯ ಚಿತ್ರದುರ್ಗದ ಕಚೇರಿಯಲ್ಲಿ ಕೀರ್ತನಾ ಎಂಬ ಅಧಿಕಾರಿ ಇದ್ದರು. ಅವರು ಫೋನ್ ಮಾಡಿ, ಟಾರ್ಚಿಗೆ ಹೊಸ ಸೆಲ್ ಹಾಕಿಸಿಕೊಳ್ಳಿ, ಬಿಲ್ ಕಳಿಸಿ ಎಂದರು.

ಅವ್ವನ ಹೊಲವನ್ನೂ ಗುಂಪಿಗೆ ಸೇರಿಸಿ ಎಂದು ನಾನು ಕೇಳಿದೆ. ಪಹಣಿ ಇನ್ನೂ ತಾತನ ಹೆಸರಿನಲ್ಲಿದೆ, ಆಗುವುದಿಲ್ಲ ಎಂದರು. ಆದರೆ ನಕ್ಷೆಯಲ್ಲಿ ಅವ್ವನ ಹೊಲ ಇರಲೇಬೇಕಿತ್ತು. ಸಾವಯವ ಹೊಲದ ಪಕ್ಕ ಯಾರಿದ್ದಾರೆ, ಅವರಿಂದ ವಿಷ ಬರುವ ಅಪಾಯ ಎಷ್ಟು ಎಂದು ತೋರಿಸಬೇಕು. ಅವ್ವ ತನ್ನ ಹೊಲಕ್ಕೆ ಈವರೆಗೆ ಒಂದು ಹನಿ ಔಷಧಿ ಹೊಡೆದಿಲ್ಲ. ಪರಿಸರದ ಪ್ರೀತಿಯಿಂದಲ್ಲ. ಕೊಳ್ಳಲು ದುಡ್ಡಿರಲಿಲ್ಲ. ಆದರೆ ನಕ್ಷೆಗೆ ಎರಡೇ ಬಣ್ಣ. ಪ್ರಮಾಣಪತ್ರ ಇರುವ ಹೊಲಕ್ಕೆ ಹಸಿರು, ಇಲ್ಲದ್ದಕ್ಕೆ ಕೆಂಪು. ಅವ್ವನ ಹೊಲ ಕೆಂಪಾಯಿತು.

ಪ್ರಮಾಣಪತ್ರ ಕೊಡುವ ಸಂಸ್ಥೆಯಿಂದ ಹನುಮಂತರಾಜು ಬಂದರು. ಅವರು ತುಮಕೂರಿನವರು. ಪ್ರಾಮಾಣಿಕ ಮನುಷ್ಯ. ಲಂಚ ಬೇಡ, ಊಟ ಬೇಡ, ಬಾಟಲಿ ನೀರು ತಾವೇ ತಂದಿದ್ದರು. ಎಲ್ಲವನ್ನೂ ಬಗ್ಗಿ ನೋಡಿದರು.

ಕಾಲೊನಿ ಕಡೆಯ ಗೇಟಿನಲ್ಲಿ ಒಂದು ಸಿಮೆಂಟ್ ತೊಟ್ಟಿ ಇದೆ. ಹೊಲದಲ್ಲಿ ದೇವರ ಕಲ್ಲು ಇದೆ ಎಂದು ಮರುಳಸಿದ್ದಮ್ಮನವರು ಕಟ್ಟಿಸಿದ್ದು. ನಾವು ಕೂಲಿಗೆ ಇಳಿಯುವ ಮೊದಲು ಅದರ ಅರಿಸಿನ ನೀರಿನಲ್ಲಿ ಕಾಲು ಅದ್ದಬೇಕು. ರಸ್ತೆ ಕಡೆಯ ಗೇಟಿನಲ್ಲಿ ತೊಟ್ಟಿ ಇಲ್ಲ.

"ಇದೇನು?" ಹನುಮಂತರಾಜು ಕೇಳಿದರು.

"ಅದಾ ಸಾರ್... ಕೂಲಿಯೋರು ಕಾಲು ತೊಳ್ಕಂಡು ಬರ್ಲಿ ಅಂತ."

"ಯಾಕೆ?"

ರಾಜಶೇಖರಪ್ಪನವರು ನನ್ನ ಮುಖ ನೋಡಿದರು. ಯಾಕೆ ಎಂದು ಅವರನ್ನು ಈವರೆಗೆ ಯಾರೂ ಕೇಳಿರಲಿಲ್ಲ. ನಾನು ನನ್ನ ಕಾಲು ನೋಡಿಕೊಂಡೆ. ಅದಿನ್ನೂ ಹಳದಿಯಾಗಿಯೇ ಇತ್ತು.

"ಹೊರಗಿನ ಹೊಲದ ರಾಸಾಯನಿಕ ಕಾಲಿಗೆ ಅಂಟಿಕೊಂಡು ಬರಬಾರದು ಅಂತ, ಅಲ್ವಾ?" ಹನುಮಂತರಾಜು ತಾವೇ ಉತ್ತರ ಹುಡುಕಿದರು.

"ಹೂಂ ಸಾರ್! ಅದೇ, ಅದೇ."

"ವೆರಿ ಗುಡ್. ಇಷ್ಟು ಕಾಳಜಿ ನಾನು ಎಲ್ಲೂ ನೋಡಿಲ್ಲ."

ಪಂಪಿನ ಮನೆಯ ಗೋಡೆಯ ಮೇಲೆ ನಮ್ಮ ಪ್ಲಾಸ್ಟಿಕ್ ಲೋಟಗಳು ಸಾಲಾಗಿದ್ದವು. ಕೂಲಿಯವರಿಗೆ ಬೇರೆ ಲೋಟ ಎಂದರು ರಾಜಶೇಖರಪ್ಪ. ಆರೋಗ್ಯದ ಬಗ್ಗೆ ಎಚ್ಚರ ಎಂದು ಹನುಮಂತರಾಜು ಬರೆದುಕೊಂಡರು. ಆಮೇಲೆ ದಾಸ್ತಾನು ಕೊಠಡಿಯೊಳಗೆ ಹೋದರು. ನಾನು ಹೊರಗೆ ನಿಂತಿದ್ದೆ. ಒಳಗೆ ಏನನ್ನು ಕಂಡರೋ, ಬಾಗಿಲಿಗೆ ಬಂದಾಗ ಅವರ ಮುಖ ಅರಳಿತ್ತು. ಕೈಯಲ್ಲಿ ಮಾದರಿ ಕಾಳಿನ ಮೊಹರು ಹಾಕಿದ ಪೊಟ್ಟಣ ಇತ್ತು.

ಪ್ರಯೋಗಾಲಯದ ಫಲಿತಾಂಶ ಬಂತು. ಕಾಳಿನಲ್ಲಿ ಯಾವ ವಿಷದ ಸುಳಿವೂ ಇಲ್ಲ. ರಾಜಶೇಖರಪ್ಪನವರು ಮಾದರಿ ರೈತರಾದರು. ಎಳೆಬಿಸಿಲು ಪೊಟ್ಟಣದ ಮೇಲೆ ಒಂದು ಕೋಡ್ ಬಂತು. ಫೋನಿನಲ್ಲಿ ಸ್ಕ್ಯಾನ್ ಮಾಡಿದರೆ ಅವರ ಫೋಟೊ ಕಾಣುತ್ತದೆ ಎಂದು ಕೀರ್ತನಾ ಹೇಳಿದರು. ನಾನು ನೋಡಲಿಲ್ಲ. ಆ ಪೊಟ್ಟಣ ಕೊಳ್ಳುವಷ್ಟು ಸಂಬಳ ಕಂಪನಿ ನನಗೆ ಕೊಡುತ್ತಿರಲಿಲ್ಲ.

ಆ ಫಲಿತಾಂಶವನ್ನು ನಾನು ನಂಬಲಿಲ್ಲ. ನಂಬದಿರಲು ಕಾರಣ ನಮ್ಮ ಅಪ್ಪನ ಬೆನ್ನು.

ಅಪ್ಪನ ಹೆಸರು ಸಣ್ಣತಿಮ್ಮಪ್ಪ. ರಾಜಶೇಖರಪ್ಪನವರ ಹೊಲಕ್ಕೆ ಕಳೆನಾಶಕ ಹೊಡೆಯುವುದು ಅವನೇ. ರಸ್ತೆಗೆ ಕಾಣುವ ಕೆಲವು ಸಾಲು ಮಾತ್ರ ಹೆಂಗಸರು ಕೈಯಲ್ಲಿ ಕಳೆ ಕೀಳಬೇಕು. ಅವ್ವ ಅಲ್ಲಿ ಕುಕ್ಕರಗಾಲಲ್ಲಿ ದಿನವಿಡೀ ಸರಿಯುತ್ತಿದ್ದಳು. ಸಾಮೆಯೂ ಹುಲ್ಲಿನಂತೆ, ಕಳೆಯೂ ಹುಲ್ಲಿನಂತೆ. ಬಗ್ಗಿದ ಕಣ್ಣು ಮೇಲೇಳುವಂತಿಲ್ಲ. ಸಂಜೆ ಎದ್ದು ನಿಲ್ಲುವಾಗ ಮೊಣಕಾಲು ಹಿಡಿದುಕೊಂಡು ಯಾರನ್ನೋ ಬೈಯುತ್ತಿದ್ದಳು. ಒಳಗಿನ ಸಾಲುಗಳಿಗೆ ಅಪ್ಪ ಬೆನ್ನಿಗೆ ಟ್ಯಾಂಕು ಕಟ್ಟಿಕೊಂಡು ಹೋಗುತ್ತಿದ್ದ. ಹುಳಕ್ಕೂ ಅದೇ ಟ್ಯಾಂಕು. ಹಳೆಯ ಟ್ಯಾಂಕು, ಸೋರುತ್ತದೆ. ಅವನ ಬೆನ್ನಿನ ಚರ್ಮ ಸುಟ್ಟ ರೊಟ್ಟಿಯ ಹಾಗೆ ಎದ್ದುಬಂದಿದೆ. ಅಂಗಿ ಹಾಕಿಕೊಂಡರೆ ಅಂಟುತ್ತದೆ.

ನಾನು ಅದನ್ನು ಬರೆದು ಕಳಿಸಿದ್ದೆ. ಯಾವ ಹೊಲ, ಯಾರು ಹೊಡೆದದ್ದು, ಯಾವ ಡಬ್ಬಿ, ಎಲ್ಲವನ್ನೂ. ಕೀರ್ತನಾ ಕಚೇರಿಗೆ ಕರೆಸಿದರು.

"ಹೊಡೆದಿದ್ದು ನಿಮ್ಮ ತಂದೆ ಅಂತ ನೀವೇ ಬರೆದಿದ್ದೀರಿ."

"ಹೌದು ಮೇಡಂ. ಕಣ್ಣಾರೆ ನೋಡಿದ್ದೇನೆ."

"ಅದೇ ಸಮಸ್ಯೆ ಸುಮಿತ್ರಾ. ಸ್ವಂತ ಕುಟುಂಬದವರು ಇರೋ ವಿಷಯದಲ್ಲಿ ತಪಾಸಣೆಗಾರರ ಮಾತು ತಗೊಳ್ಳೋ ಹಾಗಿಲ್ಲ. ನಿಷ್ಪಕ್ಷಪಾತ ಇರಲ್ಲ. ಬೇರೆ ಯಾರಾದ್ರೂ ಹೊಡೆದಿದ್ರೆ ಹೇಳಿ, ಖಂಡಿತ ಕ್ರಮ ತಗೋತೀವಿ."

ಬೇರೆ ಯಾರೂ ಹೊಡೆಯುವುದಿಲ್ಲ. ಟ್ಯಾಂಕು ಸೋರುವುದು ಎಲ್ಲರಿಗೂ ಗೊತ್ತು.

ಆಮೇಲೆ ನಿಯಮ ಬದಲಾಯಿತು. ಹೊಲದ ಮಾದರಿ ನೋಡಿದರೆ ಸಾಲದು, ಅಂಗಡಿಯಲ್ಲಿಟ್ಟ ಪೊಟ್ಟಣವನ್ನೂ ತಂದು ಪರೀಕ್ಷೆ ಮಾಡುತ್ತಾರೆ ಎಂದು ಕಂಪನಿಯಿಂದ ಸುದ್ದಿ ಬಂತು. ರಾಜಶೇಖರಪ್ಪನವರ ಕಾಳು ತುಂಬಿದ್ದ ಪೊಟ್ಟಣ ಫೇಲಾಯಿತು. ಕಳೆನಾಶಕ ಇತ್ತು. ಹುಳದ ಔಷಧಿಯೂ ಇತ್ತು.

ಹನುಮಂತರಾಜು ಮತ್ತು ಕೀರ್ತನಾ ಒಂದೇ ಕಾರಿನಲ್ಲಿ ಬಂದು ರಾಜಶೇಖರಪ್ಪನವರ ಮನೆಯ ಜಗಲಿಯ ಮೇಲೆ ಕೂತರು. ನಾನು ಅಂಗಳದಲ್ಲಿ ನಿಂತೆ. ಅವರಿಗೆ ಸ್ಟೀಲ್ ಲೋಟದಲ್ಲಿ ಕಾಫಿ ಬಂತು. ನನಗೆ ಕಾಗದದ ಲೋಟದಲ್ಲಿ.

"ಸಾಧ್ಯವೇ ಇಲ್ಲ," ಎಂದರು ಹನುಮಂತರಾಜು. ಅವರಿಗೆ ನಿಜಕ್ಕೂ ನೋವಾಗಿತ್ತು. "ನಾನೇ ಕೈಯಾರೆ ಮಾದರಿ ತೆಗೆದಿದ್ದೀನಿ. ಇಂಥ ದಾಸ್ತಾನು ನನ್ನ ಸರ್ವಿಸ್‌ನಲ್ಲೇ ನೋಡಿಲ್ಲ. ಅದರ ಫೋಟೊ ಇಟ್ಕೊಂಡು ಬೇರೆ ಜಿಲ್ಲೆಯಲ್ಲಿ ತರಬೇತಿ ಕೊಡ್ತಿದೀನಿ. ನೋಡಿ."

ಫೋನ್ ತಿರುಗಿಸಿ ತೋರಿಸಿದರು. ಚಪ್ಪಡಿ. ಅದರ ಮೇಲೆ ಒಂಟಿ ಚೀಲ. ಪಕ್ಕದಲ್ಲಿ ಬೇರೆ ಸೇರು.

"ಉಳಿದ ಚೀಲಕ್ಕೆ ತಾಗದ ಹಾಗೆ ಬೇರೆ ಇಟ್ಟಿದ್ರು. ಇದನ್ನ ಯಾರೂ ಮುಟ್ಟಲ್ವಾ ಅಂತ ಕೇಳಿದೆ. ನಮ್ಮ ಮನೆಯೋರು ಯಾರೂ ಮುಟ್ಟಲ್ಲ ಅಂದ್ರು. ಬೇರೆ ಕಾಳಿನ ಜೊತೆ ಬೆರೆಸಲ್ವಾ ಅಂದೆ. ಜೀವ ಹೋದ್ರೂ ಬೆರೆಸಲ್ಲ ಅಂದ್ರು. ಆಹಾ! ಇದಲ್ವಾ ಪ್ರತ್ಯೇಕ ಸಂಗ್ರಹಣೆ? ಅದರಿಂದಲೇ ಮಾದರಿ ತಗೊಂಡೆ."

ಚೀಲದ ಹೊಟ್ಟೆಯ ಮೇಲೆ ಕೆಂಪು ತೇಪೆ ಇತ್ತು. ಇಲಿ ಕಡಿದಿದ್ದ ಜಾಗಕ್ಕೆ ಅವ್ವ ತನ್ನ ಹಳೆ ಸೀರೆಯ ಅಂಚು ಹರಿದು ಹಾಕಿದ್ದು. ನಾನೇ ಸೂಜಿಗೆ ದಾರ ಪೋಣಿಸಿ ಕೊಟ್ಟಿದ್ದೆ.

ನನಗೆ ನಗು ಬಂತು. ತಡೆಯಲು ಆಗಲಿಲ್ಲ. ಕಾಫಿ ಮೂಗಿಗೆ ಏರಿತು.

"ಸಾರ್," ಎಂದೆ. "ಅದು ನಮ್ಮವ್ವನ ಚೀಲ."

"ಯಾರ ಅವ್ವ?"

"ನಮ್ಮವ್ವ, ಕಾಟಮ್ಮ. ನಿಮ್ಮ ನಕ್ಷೆಯಲ್ಲಿ ಕೆಂಪು ಬಣ್ಣದವಳು."

"ಅವರ ಚೀಲ ಇಲ್ಲಿ ಯಾಕಿತ್ತು?"

"ಬದುವಿನ ಮೇಲೆ ನಡೆದಾಡಿದ್ದಕ್ಕೆ."

ಹನುಮಂತರಾಜು ರಾಜಶೇಖರಪ್ಪನವರ ಕಡೆ ತಿರುಗಿದರು. "ಮತ್ತೆ ಅದನ್ನ ಅಷ್ಟು ಜೋಪಾನವಾಗಿ ಬೇರೆ ಯಾಕೆ ಇಟ್ಟಿದ್ರಿ?"

ರಾಜಶೇಖರಪ್ಪನವರು ಕಾಫಿ ಲೋಟದೊಳಗೆ ನೋಡಿದರು. ಉತ್ತರ ಬಾಗಿಲ ಹಿಂದಿನಿಂದ ಬಂತು.

"ಕಾಲೊನಿ ಕಾಳು ಕಣಪ್ಪ ಅದು," ಎಂದರು ಮರುಳಸಿದ್ದಮ್ಮ. "ನಮ್ಮ ಕಾಳಿಗೆ ಯಾರಾನ ಅದನ್ನ ತಾಗುಸ್ತಾರಾ? ಅಷ್ಟು ಓದೀಯ, ಅಷ್ಟೂ ಗೊತ್ತಾಗಲ್ವಾ?"

ಆ ಮನೆಯಲ್ಲಿ ಸುಳ್ಳು ಹೇಳಲು ಬಾರದವರು ಅವರೊಬ್ಬರೇ.

ಹನುಮಂತರಾಜು ಫೋನನ್ನು ಮಡಿಲಲ್ಲಿ ಮುಖ ಕೆಳಗೆ ಮಾಡಿ ಇಟ್ಟುಕೊಂಡರು. "ಹಾಗಾದ್ರೆ ಆ ತೊಟ್ಟಿ? ಆ ಲೋಟ?" ಎಂದು ಮೆಲ್ಲಗೆ ಕೇಳಿದರು. ಅವರಿಗೆ ಉತ್ತರ ಬೇಕಾಗಿರಲಿಲ್ಲ.

ಮೊದಲು ಚೇತರಿಸಿಕೊಂಡದ್ದು ಕೀರ್ತನಾ. "ಸರ್, ಈ ವಿಷಯ ಹೊರಗೆ ಬಂದ್ರೆ ಫೇಲಾಗೋದು ನಿಮ್ಮ ಸಂಸ್ಥೆನೂ. ಚೀಲ ಯಾರ ಕೊಠಡಿಯಲ್ಲಿತ್ತೋ ಅದು ಅವರ ಕಾಳು. ಅಷ್ಟು ಸಾಕು. ಪೊಟ್ಟಣಕ್ಕೆ ವಿಷ ಹೇಗೆ ಬಂತು ಅನ್ನೋದಕ್ಕೆ ಒಂದು ಕಾರಣ ಬೇಕು. ಅಷ್ಟೇ."

"ಗಾಳಿ ಅವರ ಹೊಲದಿಂದ ನಮ್ಕಡೆ ಬೀಸ್ತೈತೆ," ಎಂದರು ರಾಜಶೇಖರಪ್ಪ.

ಕಾಫಿ ಮುಗಿಯುವುದರೊಳಗೆ ತೀರ್ಮಾನವಾಯಿತು. ಭಾನುವಾರ ಚಿತ್ರದುರ್ಗದಿಂದ ಗ್ರಾಹಕರು ಹೊಲ ನೋಡಲು ಬರುತ್ತಾರೆ. ಅವರ ಎದುರಿಗೆ ಕಾಟಮ್ಮ ತಾನು ಔಷಧಿ ಹೊಡೆದೆ, ಗಾಳಿಗೆ ಅದು ಪಕ್ಕಕ್ಕೆ ಹೋಯಿತು ಎಂದು ಒಪ್ಪಿಕೊಳ್ಳಬೇಕು. ಇನ್ನು ಮೂರು ವರ್ಷ ಅವಳ ಹೊಲ ಬಿತ್ತದೆ ಬೀಳು ಬಿಡಬೇಕು. ಅದು ಸಾವಯವ ಹೊಲವನ್ನು ಕಾಯುವ ಗಡಿಪಟ್ಟಿ. ಅದೇ ದಿನ ಹನುಮಂತರಾಜು ಹೊಸ ಮಾದರಿ ತೆಗೆಯಬೇಕು. ಯಾವ ಚೀಲದಿಂದ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಈ ವರ್ಷದ ದಾರಿ ಚೀಲ ಇನ್ನೂ ಬಂದಿರಲಿಲ್ಲ.

ಒಂದೇ ಕಾಳು. ನಮ್ಮ ಹೊಲದಲ್ಲಿದ್ದಾಗ ವಿಷ. ಅವರ ಚಪ್ಪಡಿ ಏರಿದರೆ ಶುದ್ಧ. ಇಂಥ ವಸ್ತುವಿನ ಬಗ್ಗೆ ನನಗೆ ಕಾಲೇಜಿನಲ್ಲಿ ಪಾಠ ಆಗಿರಲಿಲ್ಲ.

ಸಂಜೆ ರಾಜಶೇಖರಪ್ಪನವರು ಕಾಲೊನಿಗೆ ಬಂದರು. ಅವರು ಹುಟ್ಟಿ ಬೆಳೆದದ್ದು ಇದೇ ಊರಿನಲ್ಲಿ. ನಮ್ಮ ಬೀದಿಗೆ ಕಾಲಿಟ್ಟದ್ದು ಅದೇ ಮೊದಲು. ಮನೆ ಗುರುತು ಸಿಗದೆ ಇಬ್ಬರನ್ನು ಕೇಳಿದರಂತೆ.

"ಕುಂತ್ಕಳ್ರಿ ಗೌಡ್ರೆ," ಅವ್ವ ಚಾಪೆ ಕೊಡವಿ ಹಾಸಿದಳು.

"ಇರ್ಲಿ ಇರ್ಲಿ. ನಿಂತೇ ಹೇಳ್ತೀನಿ." ಚರಂಡಿಯ ಆಚೆಯಿಂದಲೇ ವಿಷಯವನ್ನೆಲ್ಲ ಹೇಳಿ ಮುಗಿಸಿದರು. "ಒಂದು ಮಾತು ಹೇಳಾದು, ಅಷ್ಟೇ. ನಿನ್ನ ಬಾಯೇನು ಸವೀತೈತಾ? ಭಾನುವಾರದ ಹೊತ್ಗೆ ಚೀಲಾನೂ ಬರ್ಲಿ."

"ಮೂರು ವರ್ಷ ಬಿತ್ತದಿದ್ರೆ ಏನು ಉಣ್ಣಾನ್ರಿ?"

"ಕೂಲಿ ಕೊಡ್ತೀನಲ್ಲ. ಕಾಳು ಅಳೀತೀವಿ."

"ಯಾವ ಚೀಲದ್ದು?"

ಅವರಿಗೆ ಅರ್ಥವಾಗಲಿಲ್ಲ. ನಾವು ಬಿತ್ತದಿದ್ದರೆ ಆ ಚಪ್ಪಡಿ ಖಾಲಿ ಇರುತ್ತದೆ ಎಂಬುದು ಅವರಿಗೆ ಹೊಳೆದಿರಲಿಲ್ಲ.

"ಹೇಳಾಕಿಲ್ಲ ಅಂದ್ರೆ?" ಅವ್ವ ಕೇಳಿದಳು.

"ಬದು ನಂದು ಕಾಟಮ್ಮ. ಜಾಲಿ ಮುಳ್ಳು ಎಳುಸ್ತೀನಿ. ಹಾರ್ಕಂಡು ಹೋಗು ನಿನ್ನ ಹೊಲಕ್ಕೆ."

ಅಪ್ಪ ಒಳಗೆ ಬೋರಲಾಗಿ ಮಲಗಿದ್ದ. ಎದ್ದು ಬರಲಿಲ್ಲ. ಅವ್ವ ಚಾಪೆ ಸುತ್ತಿದಳು. "ಭಾನುವಾರ ಚೀಲ ನಾನೇ ತರ್ತೀನಿ. ಮಾತೂ ಆಡ್ತೀನಿ. ಹೋಗ್ಬರ್ರಿ."

ಅವರು ಹೋದ ಮೇಲೆ ನಾನು ಕೂಗಾಡಿದೆ. ಅವ್ವ ಮೊರದಲ್ಲಿ ಕಾಳು ಕೇರುತ್ತಾ ಕೂತಳು. "ನಿನ್ನ ಕಾಲೇಜ್ನಾಗೆ ಕಾಳ್ನಾಗೆ ವಿಷ ಐತಾ ಇಲ್ವಾ ಅಂತ ಹೆಂಗೆ ನೋಡ್ತಾರೆ?" ಎಂದು ಕೇಳಿದಳು. ನಾನು ಯಂತ್ರದ ಬಗ್ಗೆ ಹೇಳಿದೆ. ಅವ್ವ ಪೂರ್ತಿ ಕೇಳಿಸಿಕೊಂಡಳು. "ಅಷ್ಟು ದೊಡ್ಡ ಮಿಷನ್ನು ಬಸ್ನಾಗೆ ಬರಾಕಿಲ್ಲ ಬಿಡು," ಎಂದಳು.

ಭಾನುವಾರ ಮಿನಿಬಸ್ಸು ಬಂತು. ಸಾಮೆ ಕೊಯ್ಲಾಗಿ ಸಾಲಿನ ತೊಗರಿ ಮಾತ್ರ ನಿಂತಿತ್ತು. ಗ್ರಾಹಕರು ತೊಗರಿಯ ಜೊತೆ ಫೋಟೊ ತೆಗೆಸಿಕೊಂಡರು. ರಾಜಶೇಖರಪ್ಪನವರ ಕೈಗೆ ಕೀರ್ತನಾ ಹೊಸ ಕುಡುಗೋಲು ಕೊಟ್ಟಿದ್ದರು. ಅವರು ಅದನ್ನು ಪೂಜೆಯ ಗಂಟೆಯಂತೆ ಹಿಡಿದಿದ್ದರು. ಹೊಂಗೆಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮರುಳಸಿದ್ದಮ್ಮ ಕೂತಿದ್ದರು. ಹನುಮಂತರಾಜು ಯಾರನ್ನೂ ನೋಡದೆ ಮಾದರಿ ಪೊಟ್ಟಣಗಳನ್ನು ಎಣಿಸುತ್ತಿದ್ದರು.

ಗ್ರಾಹಕರಲ್ಲಿ ಏಕಾಂತಮ್ಮ ಎಂಬವರಿದ್ದರು. ಶಾಲೆಯ ನಿವೃತ್ತ ಮೇಡಂ. ಗಂಡನಿಗೆ ಸಕ್ಕರೆ ಕಾಯಿಲೆ ಎಂದು ಎಳೆಬಿಸಿಲು ಸಾಮೆಯನ್ನೇ ಕೊಳ್ಳುತ್ತಿದ್ದರು. ಕೈಯಲ್ಲಿ ಒಂದು ಪೊಟ್ಟಣ ಹಿಡಿದೇ ಬಂದಿದ್ದರು.

"ನಿಯಮ ಬದ್ಲಾತು ಅಂತಾರೆ. ಹೋದ ತಿಂಗ್ಳು ಒಂದು ಮುದ್ರೆ ಇತ್ತು, ಈ ತಿಂಗ್ಳು ಇನ್ನೊಂದೈತೆ. ನಾವು ಯಾವ್ದನ್ನ ನಂಬ್ಬೇಕಮ್ಮ?"

"ಸ್ಕ್ಯಾನ್ ಮಾಡಿ ಮೇಡಂ. ನಿಮ್ಮ ರೈತರು ಯಾರು, ಕಾಳು ಯಾವುದು, ಎಲ್ಲಾ ಅಲ್ಲೇ ಬರುತ್ತೆ," ಎಂದರು ಕೀರ್ತನಾ.

ಏಕಾಂತಮ್ಮ ಸ್ಕ್ಯಾನ್ ಮಾಡಿದರು. ನಾನು ಅವರ ಭುಜದ ಮೇಲಿಂದ ನೋಡಿದೆ. ರಾಜಶೇಖರಪ್ಪನವರು ಕೊಠಡಿಯಲ್ಲಿ ನಗುತ್ತಾ ನಿಂತಿದ್ದರು. ಪಕ್ಕದಲ್ಲಿ ಕೆಂಪು ತೇಪೆಯ ಚೀಲ. ಅದರ ಮೇಲೆ ಅವರ ಬಲಗೈ.

ಏಕಾಂತಮ್ಮ ಬೆರಳಿನಿಂದ ಫೋಟೊ ದೊಡ್ಡದು ಮಾಡಿದರು. "ಚೀಲಕ್ಕೆ ಕೈ ತಾಗಿಸೇ ಇಲ್ವಲ್ರಿ. ಗೇಣು ಮ್ಯಾಲೇ ನಿಂತೈತೆ."

ಅಷ್ಟರಲ್ಲಿ ಅವ್ವ ಬಂದಳು.

ರಸ್ತೆ ಕಡೆಯ ಗೇಟಿನಿಂದ ಬಂದಳು. ತಲೆಯ ಮೇಲೆ ಚೀಲ. ಕೈಯಲ್ಲಿ ಬಟ್ಟೆ ಕಟ್ಟಿದ ಪಾತ್ರೆ. ಕಂಕುಳಲ್ಲಿ ಮುತ್ತುಗದ ಎಲೆಯ ಕಟ್ಟು.

"ಏಯ್, ಆ ಕಡೆಯಿಂದ ಬಾ," ಎಂದರು ರಾಜಶೇಖರಪ್ಪ.

"ಆ ಕಡೆ ತೊಟ್ಟಿ ನೀರು ಹೊಲಸಾಗೈತೆ ಗೌಡ್ರೆ." ಅವ್ವ ನಡೆದು ಬಂದು ಗ್ರಾಹಕರ ನಡುವೆ ಚೀಲ ಇಳಿಸಿದಳು. ಕುತ್ತಿಗೆ ಸರಿಮಾಡಿಕೊಂಡಳು. ಕೆಂಪು ತೇಪೆ ಎಲ್ಲರ ಕಡೆಗಿತ್ತು.

"ಅಯ್ಯೋ, ಅದೇ ಚೀಲ!" ಏಕಾಂತಮ್ಮ ಫೋನನ್ನೂ ಚೀಲವನ್ನೂ ನೋಡಿದರು. ಎಲ್ಲರೂ ಬಗ್ಗಿ ನೋಡಿದರು. ಯಾರೋ ಚಪ್ಪಾಳೆ ತಟ್ಟಿದರು.

ಕೀರ್ತನಾ ಆತುರದಿಂದ ಮುಂದೆ ಬಂದರು. "ಇವರು ಪಕ್ಕದ ಹೊಲದ ಕಾಟಮ್ಮ. ಒಂದು ಮಾತು ಹೇಳೋಕೆ ಬಂದಿದ್ದಾರೆ."

"ಹೇಳ್ತೀನಿ ಕಣವ್ವ," ಎಂದಳು ಅವ್ವ. ಧ್ವನಿ ಎತ್ತರಿಸಲಿಲ್ಲ. "ನನ್ನ ಹೊಲ್ದಾಗೆ ವಿಷ ಐತೆ ಅಂತ ಹೇಳ್ಬೇಕಂತೆ. ನಾನು ಹೊಡ್ದೆ ಅನ್ಬೇಕಂತೆ. ಇದು ಆ ಹೊಲದ್ದೇ ಕಾಳು. ಬೆಳಗ್ಗೆ ಇದ್ರಾಗೇ ಅನ್ನ ಮಾಡೀನಿ. ಮೊದ್ಲು ನಾನು ಉಣ್ತೀನಿ. ಆಮ್ಯಾಲೆ ನನ್ನ ಮಗಳು. ಆಮ್ಯಾಲೆ ಗೌಡ್ರು. ವಿಷ ಇದ್ರೆ ಗೌಡ್ರು ಉಣ್ಣಾದು ಬ್ಯಾಡ. ವಿಷ ಇಲ್ದಿದ್ರೆ ಉಣ್ಲಿ."

ನೆಲಕ್ಕೆ ಕೂತು ಎಲೆ ಹಾಸಿದಳು. ಅನ್ನ ಇಕ್ಕಿದಳು. ಉಪ್ಪು, ಹುರುಳಿ ಸಾರು. ತಾನು ಕಲಸಿ ಉಂಡಳು. ನನಗೆ ಇಕ್ಕಿದಳು. ನಾನು ಉಂಡೆ. ಮೂರನೆಯ ಎಲೆಗೆ ಇಕ್ಕಿ, ಎರಡೂ ಕೈಯಲ್ಲಿ ಎತ್ತಿ ರಾಜಶೇಖರಪ್ಪನವರ ಮುಂದೆ ಹಿಡಿದಳು.

ಉಂಡರೆ ನಮ್ಮ ಹೊಲದಲ್ಲಿ ವಿಷವಿಲ್ಲ. ಬೀಳು ಬಿಡುವ ಮಾತೇ ಇಲ್ಲ. ಉಣ್ಣದಿದ್ದರೆ ಚೀಲದಲ್ಲಿ ವಿಷ. ಅವರ ಪ್ರಮಾಣಪತ್ರ ಕೂತಿರುವುದು ಅದೇ ಚೀಲದ ಮೇಲೆ. ಇಷ್ಟು ಅಚ್ಚುಕಟ್ಟಾದ ಪ್ರಯೋಗವನ್ನು ನಾನು ಯಾವ ಪ್ರಯೋಗಾಲಯದಲ್ಲೂ ಮಾಡಿಲ್ಲ.

"ಉಣ್ರಿ ಸಾರ್," ಎಂದರು ಏಕಾಂತಮ್ಮ. "ನಿಮ್ದೇ ಕಾಳಲ್ವಾ? ನಾವು ದಿನಾ ಉಣ್ತೀವಿ."

"ನಂಗೆ... ಸೋಮಾರ ಒಪ್ಪತ್ತು."

"ಇವತ್ತು ಭಾನುವಾರ ಕಣ್ರಿ."

"ಭಾನುವಾರಾನೂ."

ಯಾರೋ ನಕ್ಕರು. ಕೀರ್ತನಾ ರಾಜಶೇಖರಪ್ಪನವರ ಕಿವಿಯ ಹತ್ತಿರ ಬಗ್ಗಿದರು. "ಸರ್, ಒಂದೇ ತುತ್ತು. ಪ್ಲೀಸ್. ಬಾಯಿಗೆ ಹಾಕ್ಕೊಳ್ಳಿ, ಆಮೇಲೆ ಉಗಿದುಬಿಡಿ."

ರಾಜಶೇಖರಪ್ಪನವರು ಕುಡುಗೋಲು ಕೆಳಗಿಟ್ಟರು. ಬಲಗೈ ಚಾಚಿದರು. ಹಣೆಯ ವಿಭೂತಿಯ ಮೇಲೆ ಬೆವರು ಹರಿದು ದಾರಿ ಮಾಡಿತು. ಕೈ ಅನ್ನದ ಮೇಲೆ ಬಂತು. ಗೇಣು ಎತ್ತರದಲ್ಲಿ ನಿಂತಿತು. ಫೋಟೊದಲ್ಲಿ ನಿಂತ ಹಾಗೆಯೇ. ಅಲ್ಲಿಂದ ಕೆಳಗೆ ಇಳಿಯಲಿಲ್ಲ. ಅವರು ಇಳಿಸಲು ಪ್ರಯತ್ನಪಟ್ಟರು, ನಾನು ನೋಡಿದೆ.

"ಬ್ಯಾಡ ಕಣೋ ರಾಜ!" ಹೊಂಗೆಮರದ ಕೆಳಗಿನಿಂದ ಮರುಳಸಿದ್ದಮ್ಮ ಕೂಗಿದರು. "ವಿಷ ಐತೆ ಅಂದ್ಬಿಡು! ಹೋದ್ರೆ ಕಂಪ್ನಿ ಹೋಗ್ಲಿ!"

ಅವ್ವ ಎಲೆ ಹಿಡಿದೇ ನಿಂತಿದ್ದಳು. ಕೈ ಅಲುಗಲಿಲ್ಲ. ಕಳೆ ಕಿತ್ತ ಕೈ.

"ವಿಷ ಐತೆ," ಎಂದರು ರಾಜಶೇಖರಪ್ಪ.

ಹನುಮಂತರಾಜು ತಲೆಯೆತ್ತಿದರು. "ಈ ಚೀಲದ ಕಾಳಿನಲ್ಲಾ ಸರ್?"

"ಐತೆ ಅಂದ್ನಲ್ರಿ! ಎಷ್ಟು ಸಲ ಹೇಳ್ಬೇಕು?"

"ಒಂದೇ ಸಲ ಸಾಕು." ಅವರು ಮಾದರಿ ಪೊಟ್ಟಣಗಳನ್ನು ಬ್ಯಾಗಿಗೆ ಹಾಕಿ ಜಿಪ್ ಎಳೆದರು. "ಇದೇ ಚೀಲದ ಮೇಲೆ ಕೊಟ್ಟ ಸರ್ಟಿಫಿಕೇಟು. ಬೆಳೆದವರೇ ವಿಷ ಅಂದಮೇಲೆ ನಾನು ಶುದ್ಧ ಅನ್ನೋದಕ್ಕೆ ಆಗಲ್ಲ."

ಅವ್ವ ಆ ಎಲೆಯನ್ನು ತನ್ನ ಎಲೆಯ ಮೇಲಿಟ್ಟು ಅದನ್ನೂ ಉಂಡಳು. ನಿಧಾನವಾಗಿ ಉಂಡಳು. ಎಲ್ಲರೂ ಕಾದರು. ಆಮೇಲೆ ಚೀಲದ ಬಾಯಿ ಬಿಗಿದು ಕಟ್ಟಿದಳು.

"ವಿಷ ಅಂದ್ಮ್ಯಾಲೆ ನಿಮ್ಮ ಚಪ್ಪಡಿ ಯಾಕೆ ಕೆಡ್ಬೇಕು ಗೌಡ್ರೆ. ನಾನೇ ತಗಂಡೋಗ್ತೀನಿ."

ಏಕಾಂತಮ್ಮ ಅವ್ವನ ಹತ್ತಿರ ಬಂದರು. "ಅಲ್ಲಮ್ಮ, ನೀನು ಕಣ್ಮುಂದೆ ಉಂಡೀಯ. ನಂಗೆ ಒಂದೆರಡು ಸೇರು ಕೊಡ್ತೀಯಾ?" ಎಂದರು. ಕೈಯಲ್ಲಿದ್ದ ಪೊಟ್ಟಣ ನೋಡಿ ತಡೆದರು. "ಇದಕ್ಕೆ ಸರ್ಟಿಫಿಕೇಟು ಐತಾ?"

"ಐತೆ ಕಣವ್ವ," ಎಂದಳು ಅವ್ವ. "ಗೌಡ್ರ ಹೆಸರ್ನಾಗೈತೆ."

ಚೀಲ ಎತ್ತಲು ನಾನು ಕೈ ಕೊಟ್ಟೆ. ದಾರಿ ಚೀಲ ತುಂಬಿದ ಹೊಟ್ಟೆಯಲ್ಲೇ ವಾಪಸು ಬಂದದ್ದು ಅದೇ ಮೊದಲು. ಉಳಿದ ಅನ್ನದ ಪಾತ್ರೆಯನ್ನು ಅವ್ವ ಅಲ್ಲೇ ಬಿಟ್ಟು ಬಂದಳು. ಅದನ್ನು ಏಕಾಂತಮ್ಮ ಮುಟ್ಟಿದರೋ ಇಲ್ಲವೋ, ನೋಡದ್ದನ್ನು ನಾನು ಬರೆಯುವುದಿಲ್ಲ.

ಕಂಪನಿ ನನ್ನನ್ನು ಕೆಲಸದಿಂದ ತೆಗೆಯಿತು. ಪರೀಕ್ಷೆಗೆ ಮೀಸಲಾಗಿದ್ದ ಮಾದರಿಯನ್ನು ತಪಾಸಣೆಗಾರ್ತಿಯೇ ತಿಂದಿದ್ದಾಳೆ ಎಂಬುದು ಆರೋಪ. ಅದು ನಿಜ. ರುಚಿಯಾಗಿತ್ತು. ಎಳೆಬಿಸಿಲು ಈಗ ಹಿರಿಯೂರು ಕಡೆ ಇನ್ನೊಬ್ಬ ಮಾದರಿ ರೈತನನ್ನು ಹುಡುಕಿಕೊಂಡಿದೆ. ಹೊಳಲ್ಕೆರೆಯ ಅಂಗಡಿಯೊಂದರಲ್ಲಿ ಪೊಟ್ಟಣ ಎತ್ತಿಕೊಂಡು ಸ್ಕ್ಯಾನ್ ಮಾಡಿ ನೋಡಿದೆ. ಆ ಮನುಷ್ಯನ ಪಕ್ಕದಲ್ಲೂ ಒಂದು ಚೀಲವಿದೆ. ಕೈ ತಾಗಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಫೋಟೊ ಸ್ಪಷ್ಟವಾಗಿಲ್ಲ.

ಮುಂಗಾರಿನ ಮೊದಲ ಹದ ಬಂತು. ಅಪ್ಪನಿಗೆ ಟ್ಯಾಂಕು ಹೊರಲು ಹೇಳಿಕಳಿಸಿದ್ದರು. ಅವನು ಹೋಗಲಿಲ್ಲ. ಅಂಗಿ ಹಾಕದೆ ಕೂರಿಗೆ ಹೊತ್ತು ನಮ್ಮ ಜೊತೆ ಹೊರಟ. ಅವ್ವನ ತಲೆಯ ಮೇಲೆ ಬಿತ್ತನೆ ಸಾಮೆ. ಅದೇ ಚೀಲ, ಅದೇ ತೇಪೆ.

ಕಾಲೊನಿ ಕಡೆಯ ಗೇಟಿನ ಹತ್ತಿರ ಬದುವಿನ ಬಾಯಿಗೆ ಜಾಲಿ ಮುಳ್ಳು ಎಳೆದಿದ್ದರು. ಆಳೆತ್ತರ. ಬದುವಿನಾಚೆ ರಾಜಶೇಖರಪ್ಪನವರು ಛತ್ರಿ ಹಿಡಿದು ನಿಂತಿದ್ದರು.

ಅವ್ವ ಚೀಲವನ್ನು ನನ್ನ ತಲೆಗೆ ದಾಟಿಸಿದಳು. ಸೆರಗು ಬಿಗಿದಳು. ಸೊಂಟದ ಕುಡುಗೋಲು ತೆಗೆದು ಮುಳ್ಳಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಒಂದು ಕೊಂಬೆ ಕಡಿದು ಪಕ್ಕದ ಅರಿಸಿನ ನೀರಿನ ತೊಟ್ಟಿಗೆ ಎಸೆದಳು. ಇನ್ನೊಂದು ಕಡಿದಳು. ಅಂಗೈಯಲ್ಲಿ ರಕ್ತ ಬಂತು. ಸೀರೆಗೆ ಒರೆಸಿಕೊಂಡಳು.

"ಏನ್ ಮಾಡ್ತಿದೀಯಲೇ ಕಾಟಿ?" ಅವರು ಅರಚಿದರು.

"ಕಳೆ ಕೀಳ್ತಿದೀನ್ರಿ," ಎಂದಳು ಅವ್ವ. ಬಗ್ಗಿದ ಕಣ್ಣು ಮೇಲೆತ್ತಲಿಲ್ಲ. "ಇವತ್ತು ಕೂಲಿ ಬ್ಯಾಡ."